ಭಾವನ ಕಡೆ, ಅಕ್ಕನ ಕಡೆ

ಚಳಿಗಾಲ ಮುಗಿಯುತ್ತಾ ಬಂದಿತ್ತು. ಬೆಳಗ್ಗೆ ಏಳು ಗಂಟೆ ದಾಟಿತ್ತೇನೋ, ಬೀದಿ ದೀಪಗಳನ್ನು ಆಗಷ್ಟೇ ಆರಿಸಿದ್ದರು. ನಮ್ಮವರು ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟು, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವವರ ಹಾಗೆ ನಿಂತಿದ್ದರು. ನಾನು ಮುಂದಿನ ಸೀಟಿನಲ್ಲಿ, ನನ್ನ ತಂಗಿ ಪುಟ್ಟಿ ಹಿಂದಿನ ಸೀಟಿನಲ್ಲಿ ಆಗಲೇ ಕೂತಿದ್ದೆವು. ಪುಟ್ಟಿಯ ತೊಡೆಯ ಮೇಲೆ ಬಟ್ಟೆಯ ಥಾನು, ಕಾಲ ಬಳಿ ಹೊಲಿಗೆ ಯಂತ್ರ. ಪರದೆ ರಾಡುಗಳು ಅವಳ ಹೆಗಲ ಪಕ್ಕದಿಂದ ಹೊರಟು, ನನ್ನ ಮೊಣಕೈ ಕೆಳಗೆ ಹಾದು, ನನ್ನ ಕಿಟಕಿಯಿಂದ ಆಚೆಗೆ ಮೂಗು ಚಾಚಿದ್ದವು. ನಮ್ಮವರು ಒಳಗೆ ಬಂದು ಕೀಲಿ ತಿರುಗಿಸಿದರು. ಕಾರು ಎರಡು ಸಲ ಕೆಮ್ಮಿ ಸುಮ್ಮನಾಯಿತು.

"ಯಾಕೆ ಭಾವ, ದೊಡ್ಡ ಭಾವಂಗೆ ಇವತ್ತೂ ಕಫ ಕಟ್ಟಿದೆಯಾ?" ಎಂದಳು ಪುಟ್ಟಿ.

ಕಾರಿಗೆ ದೊಡ್ಡ ಭಾವ ಎಂದು ಹೆಸರಿಟ್ಟವಳು ಅವಳೇ. ಭಾವನೂ ಕಾರೂ ಬೆಳಗ್ಗೆ ಎದ್ದ ಕೂಡಲೇ ಕೆಮ್ಮುತ್ತವೆ, ಆಮೇಲೆ ದಿನವಿಡೀ ಮಾತಿಲ್ಲದೆ ದುಡಿಯುತ್ತವೆ ಎನ್ನುವುದು ಅವಳ ಲೆಕ್ಕ. ಯಾವಾಗಲೂ ಈ ಮಾತಿಗೆ ಮೀಸೆಯಲ್ಲೇ ನಗುತ್ತಿದ್ದ ನಮ್ಮವರು ಆವತ್ತು ನಗಲಿಲ್ಲ.

"ಸಾಕಾಯ್ತು ಕಣ್ರೇ," ಎಂದರು. "ಇದನ್ನ ಕೊಟ್ಬಿಟ್ಟು ಒಂದು ವ್ಯಾನು ತರ್ತೀನಿ."

ನಮ್ಮದು ಪರದೆ ಕೆಲಸ. ಹೋಟೆಲು, ಆಸ್ಪತ್ರೆ, ಶಾಲೆ, ಕಚೇರಿ, ಎಲ್ಲಿ ಕಿಟಕಿಯಿದೆಯೋ ಅಲ್ಲಿ ನಮಗೆ ಅನ್ನ. ನಮ್ಮವರು ಗೋಡೆ ಕೊರೆದು ರಾಡು ಕೂರಿಸುತ್ತಾರೆ, ಅವರನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಾರೆ. ನಾನು ಬಟ್ಟೆ ಅಳೆದು ಕತ್ತರಿಸುತ್ತೇನೆ. ಪುಟ್ಟಿ ಹೊಲಿಯುತ್ತಾಳೆ. ಅವಳ ಗಂಡ ತೀರಿಕೊಂಡ ವರ್ಷ ನಾನೇ ಹೋಗಿ ಅವಳನ್ನು ನಮ್ಮ ಮನೆಗೆ ಕರೆತಂದೆ. ಆಗ ಅವಳ ತಲೆಯಲ್ಲಿ ಒಂದೂ ಬಿಳಿಕೂದಲಿರಲಿಲ್ಲ. ಈಗ ನನಗಿಂತ ಹೆಚ್ಚು ನೆರೆತಿದ್ದಾಳೆ. ಅವಳು ಬಂದ ಮೇಲೆ ನಾನು ಬೇರೇನನ್ನೂ ಕೇಳಿಕೊಂಡವಳಲ್ಲ. ಕೈಕಾಲು ಆಡುವವರೆಗೂ ಅವಳು ನನ್ನ ಜೊತೆಯಲ್ಲೇ ಇರಬೇಕು, ಅಷ್ಟೇ.

ಎಲ್ಲಿಗೆ ಹೋದರೂ ಮೂವರೂ ಆ ಕಾರಿನಲ್ಲೇ. ಹಾಗೆ ಹೋಗಿ ಹೋಗಿ ನಮ್ಮ ನಡುವೆ ಒಂದು ಮಾತು ಬೆಳೆದಿತ್ತು. ನಮ್ಮಲ್ಲಿ ಯಾರೂ ಎಡ, ಬಲ ಎನ್ನುತ್ತಿರಲಿಲ್ಲ. ಹಿಂದಿನ ಸೀಟಿನಿಂದ ನೋಡಿದರೆ ಬಲಕ್ಕೆ ಭಾವನ ತಲೆ, ಎಡಕ್ಕೆ ಅಕ್ಕನ ತಲೆ. ಹಾಗಾಗಿ ಬಲವೆಂದರೆ ಭಾವನ ಕಡೆ, ಎಡವೆಂದರೆ ಅಕ್ಕನ ಕಡೆ. ಮೊದಲು ಪುಟ್ಟಿ ತಮಾಷೆಗೆ ಹೇಳುತ್ತಿದ್ದಳು. ಆಮೇಲೆ ನಾವೂ ಹೇಳಿದೆವು. ಕೊನೆಕೊನೆಗೆ ನಮ್ಮವರು ಏಣಿಯ ಮೇಲೆ ನಿಂತು, "ರಾಡನ್ನ ಅಕ್ಕನ ಕಡೆ ಒಂದು ಬೆರಳು ಸರಿಸು" ಎಂದು ನನಗೇ ಹೇಳುವಷ್ಟಾಗಿತ್ತು. ಕೆಲಸ ಕೊಟ್ಟವರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ನಮಗೆ ಮಾತ್ರ ಒಂದು ದಿನವೂ ತಪ್ಪಾಗಿರಲಿಲ್ಲ.

ನಮ್ಮವರು ಹೇಳಿದಂತೆ ಮಾಡಿದರು. ಬೇಸಿಗೆಯ ಬಿಸಿಲು ಬಲಿಯುವ ಹೊತ್ತಿಗೆ ಕಾರು ಹೋಗಿ ವ್ಯಾನು ಬಂತು. ಬೆಳ್ಳಗೆ, ಎತ್ತರಕ್ಕೆ, ಪಕ್ಕದಲ್ಲಿ ಒಂದೂ ಕಿಟಕಿಯಿಲ್ಲದ ಗಾಡಿ. ಪುಟ್ಟಿ ಸುತ್ತ ಒಂದು ಸಲ ನಡೆದು ಬಂದು, "ಇದೇನು ಭಾವ, ಬೀರು ತಂದಿದ್ದೀರಾ? ಅರೆಗಳು ಎಲ್ಲಿ?" ಎಂದಳು. ಅಂದಿನಿಂದ ಅದಕ್ಕೆ ಬೀರು ಎಂದೇ ಹೆಸರಾಯಿತು.

ನಮ್ಮವರು ಖುಷಿಯಾಗಿದ್ದರು ಎಂದರೆ ಸುಳ್ಳಾಗುತ್ತದೆ. ಏಣಿಯನ್ನು ಕಾರಿನ ಮೇಲೆ ಎತ್ತಿ ಕಟ್ಟಿ ಕಟ್ಟಿ ಅವರಿಗೆ ಕುತ್ತಿಗೆ ನೋವು ಹಿಡಿದು ಆಗಲೇ ಬಹಳ ಕಾಲವಾಗಿತ್ತು. ಆದರೆ ಹಿಂಬದಿ ಬಾಗಿಲು ತೆರೆದು, ರಾಡುಗಳನ್ನು ಉದ್ದಕ್ಕೆ ಮಲಗಿಸಿ, ಏಣಿಯನ್ನು ಗೋಡೆಗೆ ಒರಗಿಸಿ, ಥಾನುಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿದಾಗ ಅವರ ಉಸಿರು ಹಗುರಾದದ್ದು ನನಗೆ ಕೇಳಿಸಿತು. ಹೊಲಿಗೆ ಯಂತ್ರವನ್ನು ಅದರ ಮೇಜಿನ ಸಮೇತ ಒಳಗೇ ಕೂರಿಸಬಹುದಿತ್ತು. ಎಲ್ಲವನ್ನೂ ಟೇಪು ಹಿಡಿದು ಅಳೆದೇ ತಂದಿದ್ದರು.

"ಎಲ್ಲ ಸರಿ," ಎಂದೆ ನಾನು. "ಮುಂದೆ ಎರಡೇ ಸೀಟಲ್ಲ?"

ಅವರು ಮುಂದಿನ ಬಾಗಿಲು ತೆರೆದರು. ಸೀಟು ನೋಡಿದರು. ನನ್ನನ್ನು ನೋಡಿದರು, ಪುಟ್ಟಿಯನ್ನು ನೋಡಿದರು. ಅಳತೆಯಲ್ಲಿ ಎಂದೂ ಸೋಲದ ಮನುಷ್ಯ ನಮ್ಮನ್ನು ಅಳೆಯುವುದನ್ನು ಮರೆತುಬಿಟ್ಟಿದ್ದರು.

"ಅಯ್ಯೋ, ಅದಕ್ಕೇನಂತೆ," ಎಂದಳು ಪುಟ್ಟಿ ತಟ್ಟನೆ. "ನಾನು ಯಾವಾಗ್ಲೂ ಹಿಂದೆ ಕೂತೋಳೇ ತಾನೇ? ಯಂತ್ರ ಎಲ್ಲೋ ನಾನು ಅಲ್ಲಿ."

ನಮ್ಮವರು ಅವಳಿಗೆಂದು ಒಂದು ಮರದ ಪೆಟ್ಟಿಗೆ ಮಾಡಿ, ಮೇಲೆ ಮೆತ್ತೆ ಹೊಲಿಸಿ, ಮುಂದಿನ ಎರಡು ಸೀಟುಗಳ ಹಿಂದಿನ ತಗಡಿಗೆ, ನಟ್ಟನಡುವೆ ಬಿಗಿದರು. ಬ್ರೇಕು ಹಾಕಿದರೆ ಮುಗ್ಗರಿಸಬಾರದು ಎಂದು ಬೆನ್ನು ತಗಡಿಗೆ ಬರುವ ಹಾಗೆ ಬಿಗಿದರು. ಎಂದರೆ ನಾವಿಬ್ಬರೂ ಮುಂದಕ್ಕೆ ನೋಡುತ್ತಾ ಹೋದರೆ, ಪುಟ್ಟಿ ಹಿಂದಕ್ಕೆ ನೋಡುತ್ತಾ ಬರುತ್ತಿದ್ದಳು. ತಗಡಿನಲ್ಲಿ ಅಂಗೈಯಗಲದ ಒಂದು ಕಿಂಡಿ ಇತ್ತು. ನಮ್ಮ ಮೂವರ ಮಾತು ಇನ್ನು ಅದರಲ್ಲೇ ಓಡಾಡಬೇಕಿತ್ತು.

"ಹೇಗಿದೆಯೇ ಅಲ್ಲಿ?" ಎಂದು ಮೊದಲ ದಿನ ಕಿಂಡಿಗೆ ಬಾಯಿಟ್ಟು ಕೇಳಿದೆ.

"ಚೆನ್ನಾಗಿದೆ ಅಕ್ಕ. ಹಿಂದಿನ ಬಾಗಿಲ ಗಾಜಲ್ಲಿ ರಸ್ತೆ ಕಾಣ್ತದೆ. ದಾಟಿ ಹೋಗಿದ್ದು ಮಾತ್ರ. ಬರೋದೇನಿದೆ ಅಂತ ನೀವೇ ಹೇಳ್ಬೇಕು."

ಹೇಳುತ್ತಿದ್ದೆ. ಸೇತುವೆ ಬಂತು, ರೈಲು ಗೇಟು ಬಂತು, ಪೆಟ್ರೋಲ್ ಬಂಕು ಬಂತು ಎನ್ನುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅವಳು, "ಹ್ಞಾಂ, ಹೋಯ್ತು" ಎನ್ನುತ್ತಿದ್ದಳು. ಎಂಜಿನ್ನಿನ ಸದ್ದಿಗೆ ಅರ್ಧ ಮಾತು ಕೇಳುತ್ತಿರಲಿಲ್ಲ. ಕೂಗಿ ಕೂಗಿ ನನಗೆ ಗಂಟಲು ಕಟ್ಟುತ್ತಿತ್ತು. ಕೆಲವು ದಿನಗಳ ಮೇಲೆ ಹೇಳುವುದನ್ನು ನಾನೂ ಬಿಟ್ಟೆ, ಕೇಳುವುದನ್ನು ಅವಳೂ ಬಿಟ್ಟಳು.

ಕಣ್ಣಿನ ಆಸ್ಪತ್ರೆಯ ಕೆಲಸ ಬಂದದ್ದು ಆಗಲೇ. ದೂರದ ಊರು, ದೊಡ್ಡ ವಾರ್ಡು, ಸಾಲಿಗೆ ಕಿಟಕಿಗಳು. ಪ್ರತಿ ಕಿಟಕಿಗೂ ಒಂದೊಂದೇ ಪರದೆ. ಪರದೆಯ ಒಂದು ಅಂಚಿಗೆ ಉದ್ದಕ್ಕೂ ಕಡುನೀಲಿ ಪಟ್ಟಿ ಬರಬೇಕು, ಎಲ್ಲದಕ್ಕೂ ಒಂದೇ ಕಡೆ. ಕಣ್ಣು ಮಂಜಾದವರು ಕೂಡ ಆ ಪಟ್ಟಿ ನೋಡಿ, ಎಲ್ಲಿ ಹಿಡಿದು ಎಳೆಯಬೇಕು ಎಂದು ತಿಳಿಯಬೇಕು ಎಂದು ಅಲ್ಲಿನ ಮ್ಯಾನೇಜರಮ್ಮ ಹೇಳಿದ್ದರು. ಒಳಮೈಗೆ ಬಿಸಿಲು ತಡೆಯುವ ಅಸ್ತರಿ ಹಾಕಬೇಕಾದ್ದರಿಂದ ಪರದೆಯನ್ನು ತಿರುಗಿಸಿ ಹಾಕುವಂತಿರಲಿಲ್ಲ.

ನಾನು ಮನೆಯಲ್ಲೇ ಬಟ್ಟೆ ಕತ್ತರಿಸಿಕೊಟ್ಟಿದ್ದೆ. ದಾರಿಯಲ್ಲಿ ಪುಟ್ಟಿ ಒಂದೊಂದನ್ನೇ ಮುಂದೆ ಹರವಿಕೊಂಡು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದಳು.

"ಪಟ್ಟಿ ಎಲ್ಲಾದಕ್ಕೂ ಭಾವನ ಕಡೆ, ಪುಟ್ಟಿ," ಎಂದು ನಮ್ಮವರು ಕಿಂಡಿಯತ್ತ ತಲೆ ವಾಲಿಸಿ ಕೂಗಿದರು.

"ಆಯ್ತು ಭಾವ."

ಆಸ್ಪತ್ರೆ ತಲುಪಿ, ವೈರು ಎಳೆದು ಯಂತ್ರಕ್ಕೆ ಕರೆಂಟು ಕೊಟ್ಟು, ಅವಳನ್ನು ವ್ಯಾನಿನಲ್ಲಿ ಹೊಲಿಯಲು ಬಿಟ್ಟು ನಾವಿಬ್ಬರೂ ಮೇಲೆ ಹೋದೆವು. ನಮ್ಮವರು ಗೋಡೆ ಕೊರೆದರು. ನಾನು ಏಣಿ ಹಿಡಿದೆ, ಬಿದ್ದ ಸುಣ್ಣದ ಪುಡಿ ಗುಡಿಸಿದೆ. ಪರದೆಗಳು ಮಡಿಕೆಯಾಗಿ ಮೇಲೆ ಬಂದವು. ಊಟದ ಹೊತ್ತು ಮೀರಿತ್ತು, ಬೇಗ ಮುಗಿಸಿಬಿಡೋಣ ಎಂದು ಒಂದೇ ಸಮನೆ ಕೊಕ್ಕೆ ಸಿಕ್ಕಿಸುತ್ತಾ ಹೋದೆವು. ಕೊನೆಯದನ್ನು ಏರಿಸಿ ದೂರ ನಿಂತು ನೋಡಿದಾಗಲೇ ಗೊತ್ತಾದದ್ದು. ನೀಲಿ ಪಟ್ಟಿ ಎಲ್ಲದರಲ್ಲೂ ಅಕ್ಕನ ಕಡೆ ಇತ್ತು.

ಮ್ಯಾನೇಜರಮ್ಮ ಬಂದು ನೋಡಿದರು. ಬೈಯಲಿಲ್ಲ. "ಮೇಸ್ತ್ರಿ, ಎಳೆಯೋ ದಾರ ಆ ಕಡೆ, ಪಟ್ಟಿ ಈ ಕಡೆ. ನಮ್ಮ ಪೇಷಂಟುಗಳು ಏನು ಮಾಡ್ಬೇಕು?" ಎಂದರು. ಹಾಸಿಗೆಯಲ್ಲಿದ್ದ ಒಬ್ಬ ಮುದುಕ, ಒಂದು ಕಣ್ಣಿಗೆ ಬಟ್ಟೆ ಕಟ್ಟಿದ್ದವನು, "ನನಗೆ ಒಂದೇ ಕಣ್ಣಲ್ಲಿ ಕಂಡಿದ್ದು ಇವ್ರಿಗೆ ನಾಲ್ಕು ಕಣ್ಣಲ್ಲಿ ಕಾಣ್ಲಿಲ್ವಲ್ಲಪ್ಪಾ," ಎಂದ. ವಾರ್ಡೆಲ್ಲ ನಕ್ಕಿತು.

ನಮ್ಮವರು ಕೆಳಗಿಳಿದು ವ್ಯಾನಿನ ಬಾಗಿಲಿಗೆ ಹೋದರು. ನಾನು ಹಿಂದೆಯೇ ಓಡಿದೆ.

"ಹಿಂದೆ ಕೂತ್ಕೊಂಡು ನಿದ್ದೆ ಹೊಡೀತಿದ್ಯಾ? ಭಾವನ ಕಡೆ ಅಂದ್ರೆ ಯಾವ ಕಡೆ?"

ಪುಟ್ಟಿ ಯಂತ್ರದ ಮುಂದಿನಿಂದ ಎದ್ದಳು. ಮುಖ ಬಿಳಿಚಿತ್ತು. ಮರದ ಪೆಟ್ಟಿಗೆಯ ಮೇಲೆ ಕೂತು, ಕೈ ಬೆನ್ನ ಹಿಂದೆ ಚಾಚಿ ಡ್ರೈವರ್ ಸೀಟನ್ನು ತೋರಿಸಿದಳು. ಆ ಕೈ ಅವಳ ಎಡಗೈ.

"ನೀವು ಇಲ್ಲಿದ್ರಲ್ಲ ಭಾವ," ಎಂದಳು. "ನೀವೆಲ್ಲಿದ್ರೋ ಆ ಕಡೆಗೇ ಹಾಕಿದೆ."

ನಮ್ಮವರು ಆ ಕೈಯನ್ನು ನೋಡಿದರು, ಸೀಟನ್ನು ನೋಡಿದರು. ಅವಳು ಹೇಳಿದ್ದು ಸರಿಯಾಗಿಯೇ ಇತ್ತು, ಇವರು ಹೇಳಿದ್ದೂ ಸರಿಯಾಗಿಯೇ ಇತ್ತು. ಮೂವರೂ ವಾರ್ಡಿನ ಆಚೆಯ ನೆಲದ ಮೇಲೆ ಕೂತು ಹೊಲಿಗೆ ಬಿಚ್ಚಿದೆವು. ಹೊಸ ಹೊಲಿಗೆ ಬಿಚ್ಚುವುದು ಹಳೆಯದನ್ನು ಬಿಚ್ಚಿದಂತಲ್ಲ. ದಾರ ಬಟ್ಟೆಯನ್ನು ಬಿಗಿಯಾಗಿ ಕಚ್ಚಿಕೊಂಡಿರುತ್ತದೆ, ಸ್ವಲ್ಪ ಜೋರು ಮಾಡಿದರೆ ಬಟ್ಟೆಯೇ ಹೋಗುತ್ತದೆ. ಪುಟ್ಟಿಯ ಕೈ ಮಾತ್ರ ಒಂದು ನೂಲೂ ಎಳೆಯದಂತೆ ಓಡುತ್ತಿತ್ತು. ಮ್ಯಾನೇಜರಮ್ಮ ಆಗಾಗ ಬಂದು ನಿಂತು ಆ ಕೈಯನ್ನೇ ನೋಡಿ ಹೋಗುತ್ತಿದ್ದರು. ಸಂಜೆಯಾಗುವ ಹೊತ್ತಿಗೆ ನನ್ನ ಬೆನ್ನು ನನ್ನದಾಗಿರಲಿಲ್ಲ.

"ಇನ್ಮೇಲೆ ಎಡ, ಬಲ ಅಂತಲೇ ಹೇಳೋಣ," ಎಂದರು ನಮ್ಮವರು ಬರುವಾಗ.

ಎಂದರು ಸರಿ. ಆದರೆ ಹಳೆಯ ಮಾತು ಬಾಯಿಗೆ ಬರುತ್ತಿತ್ತು, ಅದನ್ನು ನುಂಗಿ ಹೊಸದನ್ನು ಹುಡುಕಬೇಕಿತ್ತು. ಏಣಿಯ ಮೇಲೆ ನಿಂತು ಅವರು, "ಭಾ... ಬಲಕ್ಕೆ" ಎನ್ನುವರು. ಪುಟ್ಟಿ ಹೊಲಿಯುವ ಮುಂಚೆ ತನ್ನ ಎರಡು ಕೈಗಳನ್ನೂ ಮುಂದೆ ಹಿಡಿದು ನೋಡಿಕೊಳ್ಳುವಳು, ಉಣ್ಣುವ ಕೈ ಯಾವುದು ಎಂದು. ಅದುವರೆಗೆ ಯೋಚಿಸದೆ ಆಗುತ್ತಿದ್ದ ಕೆಲಸಕ್ಕೆಲ್ಲ ಈಗ ಯೋಚನೆ ಬೇಕಾಯಿತು. ಅದೇ ಒಂದು ದಣಿವು.

ನಾನು ಸೀಟು ಬದಲಾಯಿಸೋಣ ಎಂದೆ. ಪುಟ್ಟಿ ಬೇಡವೆಂದರೂ ಕೇಳದೆ ಅವಳನ್ನು ಮುಂದೆ ಕೂರಿಸಿ ನಾನು ಪೆಟ್ಟಿಗೆಯ ಮೇಲೆ ಕೂತೆ. ರಸ್ತೆ ನನ್ನಿಂದ ದೂರ ಓಡುತ್ತಲೇ ಇತ್ತು. ಅರ್ಧ ದಾರಿಗೆ ಹೊಟ್ಟೆ ತೊಳಸಿತು. ಇವಳು ಇದನ್ನು ಒಂದು ದಿನವೂ ಹೇಳಲಿಲ್ಲವಲ್ಲ ಎನಿಸಿತು. ಆವತ್ತು ಕೆಲಸವಿದ್ದ ಕಚೇರಿಯ ಗೇಟಿನಲ್ಲಿ ಕಾವಲುಗಾರ ಒಳಗೆ ಬಗ್ಗಿ, ಕಿಂಡಿಯಲ್ಲಿ ನನ್ನನ್ನು ನೋಡಿ, ಪುಟ್ಟಿಗೆ ಕೈಮುಗಿದು, "ಅಮ್ಮಾವ್ರೇ, ಹಿಂದೆ ಕೂತಿರೋ ನಿಮ್ಮ ಕೆಲಸದಾಕೆ ಇಳಿದು ಹೆಸರು ಬರೆಸ್ಲಿ," ಎಂದ.

ನಮ್ಮವರು ಕೆಮ್ಮಿದರು. ಪುಟ್ಟಿ ಮೊದಲು ನಕ್ಕಳು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನಾನೂ ಇಳಿದು ನಗುತ್ತಲೇ, "ಬರ್ಕೊಳಪ್ಪಾ, ಅಮ್ಮಾವ್ರ ಕೆಲಸದಾಕೆ," ಎಂದೆ. ವಾಪಸು ಹೊರಡುವಾಗ ನೋಡಿದರೆ ಪುಟ್ಟಿ ನನಗಿಂತ ಮೊದಲೇ ಪೆಟ್ಟಿಗೆಯ ಮೇಲೆ ಕೂತಿದ್ದಳು.

"ಏಳೇ, ಮುಂದೆ ಹೋಗು."

"ಸುಮ್ನಿರಕ್ಕ. ಅದು ನಿನ್ನ ಜಾಗ. ಅಲ್ಲಿ ಕೂತ್ರೆ ನನಗೆ ಕೈಕಾಲು ಎಲ್ಲಿಡ್ಬೇಕು ಅಂತಾನೇ ಗೊತ್ತಾಗಲ್ಲ."

ಮಳೆ ಶುರುವಾಗುವುದಕ್ಕೆ ಮುಂಚೆ ಒಂದು ದಿನ ಟ್ರಾಫಿಕ್ ಪೊಲೀಸಿನವನು ವ್ಯಾನು ನಿಲ್ಲಿಸಿದ. ಹಿಂಬದಿ ಬಾಗಿಲು ತೆಗೆಸಿದ. ರಾಡು, ಥಾನು, ಏಣಿ, ಯಂತ್ರ, ಅವುಗಳ ನಡುವೆ ಮಡಿಲಲ್ಲಿ ಪರದೆ ಉಂಗುರಗಳ ಡಬ್ಬಿ ಇಟ್ಟುಕೊಂಡ ಪುಟ್ಟಿ.

"ಏನ್ರೀ ಇದು? ಸಾಮಾನಿನ ಗಾಡಿ. ಇವ್ರೇನು ಸಾಮಾನಾ?"

"ಹೌದಪ್ಪಾ," ಎಂದಳು ಪುಟ್ಟಿ ಒಳಗಿನಿಂದ. "ಹಳೇ ಸಾಮಾನು. ಯಾರೂ ತಗೊಳಲ್ಲ ಅಂತ ಜೊತೇಲೇ ತಿರುಗಿಸ್ತಿದ್ದಾರೆ."

ಪೊಲೀಸಿನವನಿಗೂ ನಗು ಬಂತು. ಆದರೆ ಬಿಡಲಿಲ್ಲ. "ತಾಯಿ, ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ಯಾರಾದ್ರೂ ಹಿಂದಿನಿಂದ ಗುದ್ದಿದ್ರೆ ಈ ರಾಡೆಲ್ಲ ಎಲ್ಲಿಗೆ ಬರ್ತವೆ, ನೋಡಿ," ಎಂದ. ನಾನು ನೋಡಿದೆ. ಎಲ್ಲ ರಾಡುಗಳ ಮೂತಿಯೂ ನೇರ ಅವಳ ಎದೆಯ ಕಡೆಗೇ ಇತ್ತು. ಅಷ್ಟು ದಿನ ನಾನು ಅದನ್ನು ನೋಡಿರಲಿಲ್ಲ. ಆವತ್ತೇ ಮನೆಗೆ ಬಂದು ನಮ್ಮವರು ಪೆಟ್ಟಿಗೆಯನ್ನು ಬಿಚ್ಚಿ ಹೊರಗಿಟ್ಟರು.

ಅಲ್ಲಿಂದ ಮುಂದೆ ಪುಟ್ಟಿ ಬಸ್ಸಿನಲ್ಲಿ ಬರತೊಡಗಿದಳು. ನಾನು ಹೋಗುತ್ತೇನೆ ಎಂದರೆ, ಅಳೆಯುವವಳು ಮೊದಲು ತಲುಪಬೇಕು, ಹೊಲಿಯುವವಳು ಆಮೇಲೆ ಬಂದರೂ ಆದೀತು ಎನ್ನುತ್ತಿದ್ದಳು. ನಾವು ಹೊರಡುವುದಕ್ಕಿಂತ ಬಹಳ ಮುಂಚೆಯೇ ಅವಳು ಮನೆ ಬಿಡಬೇಕಿತ್ತು. ಎರಡು ಬಸ್ಸು ಬದಲಿಸಬೇಕಿತ್ತು. ದಾರಿಯಲ್ಲಿ ಅವಳ ಬಸ್ಸನ್ನು ನಾವು ಹಿಂದಿಕ್ಕುವಾಗ ನಾನು ಕಿಟಕಿಗಳಲ್ಲಿ ಅವಳ ಮುಖ ಹುಡುಕುತ್ತಿದ್ದೆ. ಒಂದು ಸಲ ಕಂಡಳು. ಕಂಬಿ ಹಿಡಿದು ನಿಂತಲ್ಲೇ ಕಣ್ಣು ಮುಚ್ಚಿದ್ದಳು. ಮಳೆಗಾಲ ಬಂದ ಮೇಲೆ ಒದ್ದೆ ಸೀರೆಯಲ್ಲೇ ಬಂದು ಯಂತ್ರದ ಮುಂದೆ ಕೂರುವಳು. ತಮಾಷೆ ಮಾತ್ರ ಬಿಡಲಿಲ್ಲ. "ಭಾವ, ನಮ್ಮ ಬಸ್ಸೂ ಕೆಮ್ತದೆ, ಆದ್ರೆ ನಿಮ್ಮಷ್ಟು ಚೆನ್ನಾಗಿ ಅಲ್ಲ," ಎನ್ನುವಳು.

ನಮ್ಮವರಿಗೂ ಸಂಕಟವೇ. ಒಂದು ರಾತ್ರಿ ಊಟಕ್ಕೆ ಕೂತಾಗ, "ಮತ್ತೆ ಒಂದು ಕಾರೇ ನೋಡೋಣ್ವಾ?" ಎಂದರು. ಪುಟ್ಟಿ ತಟ್ಟೆಯಿಂದ ತಲೆ ಎತ್ತದೆ, "ಈ ಕುತ್ತಿಗೆ ಇಟ್ಕೊಂಡು ಮತ್ತೆ ಏಣೀನ ಕಾರಿನ ಮೇಲೆ ಕಟ್ತೀರಾ? ಸುಮ್ನೆ ಊಟ ಮಾಡಿ ಭಾವ," ಎಂದಳು. ನಾನು ಏನಾದರೂ ಹೇಳಬೇಕಿತ್ತು. ಕಾರು ತನ್ನಿ ಎಂದರೆ ಅವರ ಕುತ್ತಿಗೆ, ಬೇಡವೆಂದರೆ ಅವಳ ಬಸ್ಸು. ಎರಡೂ ನನ್ನವೇ. ಮಜ್ಜಿಗೆ ಬಡಿಸಿದೆ.

ಮಳೆ ಕಮ್ಮಿಯಾದ ಮೇಲೆ ಕಣ್ಣಿನ ಆಸ್ಪತ್ರೆಯಿಂದ ಕರೆ ಬಂತು, ಒಂದೆರಡು ಕೊಕ್ಕೆ ಕಳಚಿವೆ ಎಂದು. ಹೋದೆವು. ಪುಟ್ಟಿ ಬಸ್ಸಿನಲ್ಲಿ ಬಂದಳು. ನಾನು ಕೊಕ್ಕೆ ಹಾಕಿ ಇಳಿಯುವಾಗ ಅವಳೂ ಮ್ಯಾನೇಜರಮ್ಮನೂ ವರಾಂಡದಲ್ಲಿ ನಿಂತು ಮಾತಾಡುತ್ತಿದ್ದರು. ನನ್ನನ್ನು ಕಂಡು ಮ್ಯಾನೇಜರಮ್ಮ ಹೋದರು.

"ಏನಂತೆ?"

"ಇಲ್ಲಿ ಬಟ್ಟೆ ಕೋಣೆಗೆ ಹೊಲಿಯೋರು ಬೇಕಂತೆ ಅಕ್ಕ. ಹಾಸಿಗೆ ಬಟ್ಟೆ, ದಿಂಬಿನ ಚೀಲ, ಪೇಷಂಟ್‌ಗಳ ಅಂಗಿ. ಆವತ್ತು ಹೊಲಿಗೆ ಬಿಚ್ಚಿದ್ದು ನೋಡಿದ್ರಂತೆ. ಹಿಂದುಗಡೆ ಒಂದು ರೂಮೂ ಇದೆ."

"ನೀನೇನಂದೆ?"

ಅವಳು ಸೆರಗಿನ ತುದಿಯ ನೂಲೊಂದನ್ನು ಸರಿಮಾಡುತ್ತಾ ನಿಂತಳು.

"ಬರ್ತೀನಿ ಅಂದೆ."

ನಾನು ಅಲ್ಲೇ ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಕಣ್ಣಿಗೆ ಔಷಧಿ ಹಾಕಿಸಿಕೊಂಡವರೆಲ್ಲ ತಲೆ ಮೇಲೆತ್ತಿ ಕೂತಿದ್ದರು. "ನಾನು ಏನಾದ್ರೂ ಅಂದ್ನೇನೇ? ಭಾವ ಏನಾದ್ರೂ ಅಂದ್ರಾ?" ಎಂದೆ.

"ಯಾರೂ ಏನೂ ಅನ್ಲಿಲ್ಲ ಅಕ್ಕ. ನನಗೆ ಸುಸ್ತಾಗಿದೆ." ಅವಳು ನನ್ನ ಪಕ್ಕದಲ್ಲಿ ಕೂತಳು. "ಒಂದು ಕಡೆ ಕೂತು ಹೊಲೀಬೇಕು ಅನ್ಸಿದೆ. ಮುಂದೆ ಒಂದು ಗೋಡೆ, ಪಕ್ಕದಲ್ಲಿ ಒಂದು ಕಿಟಕಿ. ಬೆಳಗ್ಗೆ ಎದ್ದಾಗ ಆ ಕಿಟಕಿ ಅಲ್ಲೇ ಇರ್ಬೇಕು."

ಕಂಬಿ ಹಿಡಿದು ಕಣ್ಣು ಮುಚ್ಚಿ ನಿಂತಿದ್ದವಳು ಕಣ್ಣ ಮುಂದೆ ಬಂದಳು. ಅವಳು ಜೊತೆಯಲ್ಲಿರಲಿ ಎಂದು ಕೇಳಿಕೊಂಡವಳು ನಾನು. ಹೇಗಿರಬೇಕು ಎಂದು ಕೇಳಿಕೊಂಡಿರಲಿಲ್ಲ.

ಹೊರಡುವ ದಿನ ಬೆಳಗ್ಗೆ ನಮ್ಮವರು ವ್ಯಾನಿನಿಂದ ರಾಡು, ಥಾನುಗಳನ್ನೆಲ್ಲ ಕೆಳಗಿಳಿಸಿದರು. ಅವಳ ಮಂಚ, ಟ್ರಂಕು, ಹಾಸಿಗೆ, ಎರಡು ಚೀಲ ಪಾತ್ರೆ ಏರಿಸಿದರು. ಯಂತ್ರ ಮೊದಲೇ ಒಳಗಿತ್ತು. ಅದು ನಮ್ಮ ಕೆಲಸಕ್ಕೆ ಬೇಕು, ಆಸ್ಪತ್ರೆಯಲ್ಲಿ ಬೇರೆಯದು ಇದೆ ಎಂದು ಪುಟ್ಟಿ ಎಷ್ಟು ಹೇಳಿದರೂ ಅವರು ಅದನ್ನು ಇಳಿಸಲಿಲ್ಲ. "ಅದಕ್ಕೆ ನಿನ್ನ ಕಾಲಿನ ಅಭ್ಯಾಸ," ಎಂದರು, ಅಷ್ಟೇ.

"ನಾನೂ ಬರ್ತೀನಿ, ಹಿಂದೆ ಕೂತ್ಕೋತೀನಿ," ಎಂದೆ.

"ಪೊಲೀಸಪ್ಪ ಹಿಡಿದ್ರೆ?"

"ಹಳೇ ಸಾಮಾನು ಅನ್ನು."

ಪುಟ್ಟಿ ನಕ್ಕಳು. ನನ್ನ ಎರಡೂ ಕೈ ಹಿಡಿದುಕೊಂಡಳು. ಸೂಜಿ ಚುಚ್ಚಿ ಚುಚ್ಚಿ ಅವಳ ತೋರುಬೆರಳು ಗಟ್ಟಿಯಾಗಿತ್ತು, ನನ್ನದು ಕತ್ತರಿ ಹಿಡಿದು. "ಬೀರು ತುಂಬಿದೆ ಅಕ್ಕ. ಒಂದು ಚಮಚಕ್ಕೂ ಜಾಗ ಇಲ್ಲ," ಎಂದಳು.

ಅವಳು ಮುಂದೆ ಹತ್ತಿ ಕೂತಳು. ನಮ್ಮವರು ಈಚೆಯಿಂದ ಬಂದು ಆ ಸೀಟಿನ ಬೆಲ್ಟನ್ನು ಎಳೆದು ಅವಳ ಕೈಗೆ ಕೊಟ್ಟರು. ನಾನು ಗೇಟಿನ ಬಲಗಂಬದ ಹತ್ತಿರ ನಿಂತಿದ್ದೆ. ವ್ಯಾನು ಗೇಟು ದಾಟಿ ರಸ್ತೆಯ ಬಾಯಿಗೆ ಹೋಗಿ ನಿಂತಿತು. ಎರಡೂ ಕಡೆಯಿಂದ ಗಾಡಿಗಳು ಬರುತ್ತಿದ್ದವು. ಪುಟ್ಟಿ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದಳು.

"ಖಾಲಿ ಇದೆ ಭಾವ. ಅಕ್ಕನ ಕಡೆ ತಗೊಳ್ಳಿ," ಎಂದಳು.

ನಮ್ಮವರ ಕೈ ಸ್ಟೇರಿಂಗಿನ ಮೇಲೆ ನಿಂತುಬಿಟ್ಟಿತು. ತಮ್ಮ ಪಕ್ಕದ ಸೀಟನ್ನು ನೋಡಿದರು. ಆಮೇಲೆ ಹೊರಳಿ, ಬಲಗಡೆ ನಿಂತಿದ್ದ ನನ್ನನ್ನು ನೋಡಿದರು. ಹಿಂದಿದ್ದ ಸ್ಕೂಟರಿನವನು ಹಾರ್ನು ಒತ್ತಿದ. ನಾನು ಕೈಯೆತ್ತಿ ಎಡಕ್ಕೆ ಎಂದು ತೋರಿಸಿದೆ.

ವ್ಯಾನು ಎಡಕ್ಕೆ ತಿರುಗಿತು. ಪುಟ್ಟಿ ಹೊರಟು ಹೋದಳು. ಆವತ್ತು ಗುರುವಾರ.